ಕರ್ನಲ್ ಸ್ಯಾಂಕಿ ಮತ್ತು ನಮ್ಮ ಕೆರೆಗಳು

ಬೆಂಗಳೂರಿನ ದಕ್ಷಿಣಕ್ಕೆ, ಬನಶಂಕರಿಯನ್ನು ದಾಟಿ ಕನಕಪುರ ರಸ್ತೆಯ ಕಡೆಗೆ ಬಂದರೆ ಕುಮಾರಸ್ವಾಮಿ ಲೇಔಟ್ ಎಂಬ ಬಡಾವಣೆ ಸಿಗುತ್ತದೆ. ಏರಿಳಿತದ ಬೀದಿಗಳ ಈ ಬಡಾವಣೆಯಲ್ಲಿ ನನ್ನ ವಾಸ. ಒಂದು ಜಡಿಮಳೆ ಹೊಡೆದು ನಿಂತ ಸಂಜೆ ನೀರು ಎತ್ತಲಿಂದ ಎತ್ತ ಓಡುತ್ತದೆಂಬುದನ್ನು ಇಲ್ಲಿ ಕಿಟಕಿಯಲ್ಲಿ ನಿಂತೇ ನೋಡಬಹುದು. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ನೆರೆಹೊರೆಯವರೆಲ್ಲ ಕೂಡಿ ಒಂದು ಅಹವಾಲು ಬರೆಯಬೇಕೆಂದು ನಿಶ್ಚಯವಾಯಿತು. ಮೇಷ್ಟರೆಂಬ ಕಾರಣಕ್ಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ರಸ್ತೆಯವರು ಚರಂಡಿಯವರ ಕಡೆಗೂ, ಚರಂಡಿಯವರು ರಾಜಕಾಲುವೆಯವರ ಕಡೆಗೂ, ಅವರು ಕೆರೆಯವರ ಕಡೆಗೂ ಕೈ ತೋರಿಸಿದರು. ನಮ್ಮ ಕಾಗದ ಇಷ್ಟು ಕಚೇರಿಗಳನ್ನು ಸುತ್ತುವಷ್ಟರಲ್ಲಿ ನೀರು ತನ್ನ ದಾರಿ ಹಿಡಿದು ಹೋಗಿಯೇ ಬಿಟ್ಟಿತ್ತು. ನೀರಿಗೆ ದಾರಿ ಒಂದೇ. ಅದನ್ನು ನೋಡಿಕೊಳ್ಳುವ ಕಣ್ಣುಗಳು ಮಾತ್ರ ಹಲವು. ಈ ವಿಚಾರ ತಲೆಯಲ್ಲಿ ಸುತ್ತುತ್ತಿದ್ದಾಗ ನನಗೆ ನೆನಪಾದವರು ಕರ್ನಲ್ ಸ್ಯಾಂಕಿಯವರು. ಬೆಂಗಳೂರಿನಲ್ಲಿ ಅವರ ಹೆಸರು ಹೇಳದವರಿಲ್ಲ. ಆದರೆ ಹೇಳುವುದು ಒಂದು ಕೆರೆಯ ಹೆಸರಾಗಿ, ಒಂದು ರಸ್ತೆಯ ಹೆಸರಾಗಿ. ಮನುಷ್ಯನ ಪರಿಚಯ ಕೆಲವರಿಗಷ್ಟೇ.

ರಿಚರ್ಡ್ ಹೀರಂ ಸ್ಯಾಂಕಿ ಇಂಗ್ಲೆಂಡಿನವರಲ್ಲ, ಐರ್ಲೆಂಡಿನವರು. ಅಲ್ಲಿನ ಟಿಪ್ಪರೇರಿ ಪ್ರಾಂತದಲ್ಲಿ 1829ರ ಮಾರ್ಚಿಯಲ್ಲಿ ಜನಿಸಿದರು. ಡಬ್ಲಿನ್ನಿನಲ್ಲಿ ಓದಿ, ಈಸ್ಟ್ ಇಂಡಿಯಾ ಕಂಪೆನಿಯ ಸೈನಿಕ ವಿದ್ಯಾಲಯವಾದ ಆಡಿಸ್ಕೂಂಬಿಗೆ ಸೇರಿದ್ದು 1845ರಲ್ಲಿ. ಇತಿಹಾಸ ಬಲ್ಲವರಿಗೆ ಆ ವರ್ಷ ಸಾಮಾನ್ಯವಾದುದಲ್ಲ. ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ, ಲಕ್ಷಾಂತರ ಜನರನ್ನು ನುಂಗಿದ ಮಹಾಕ್ಷಾಮ ಮೊದಲಾದದ್ದು ಆ ವರ್ಷವೇ. ಹದಿನಾರರ ಹುಡುಗ ತನ್ನ ನಾಡನ್ನು ಬಿಟ್ಟು ಹೊರಟಾಗ ಹಿಂದೆ ಹಸಿವು ಬಾಗಿಲು ತಟ್ಟುತ್ತಿತ್ತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಮತ್ತೆ ಬರುತ್ತದೆ.

ಆಡಿಸ್ಕೂಂಬಿನಲ್ಲಿ ಅವರಿಗೆ ಚಿತ್ರಕಲೆಗಾಗಿ ಬಹುಮಾನ ದೊರೆಯಿತು. ನೆಲದ ರೂಪವನ್ನು ಗೆರೆಗಳಲ್ಲಿ ಹಿಡಿಯುವ ಕಣ್ಣು ಆಗಲೇ ತೆರೆದಿತ್ತೆಂದು ಊಹಿಸಿದರೆ ತಪ್ಪಾಗಲಾರದು. 1846ರಲ್ಲಿ ಮದರಾಸು ಎಂಜಿನಿಯರುಗಳ ದಳಕ್ಕೆ ಸೇರಿ ಭಾರತಕ್ಕೆ ಬಂದರು. ಮುಂದಿನ ಹತ್ತು ಹದಿನೈದು ವರ್ಷ ನಾಗಪುರ, ಮದರಾಸು, ಕಲ್ಕತ್ತ, ಬರ್ಮಾದ ಮೌಲ್ಮೇನ್ ಎಂದು ಊರೂರು ಸುತ್ತಾಟ. 1857ರ ದಂಗೆಯಲ್ಲಿ ಅವರು ಕಂಪೆನಿಯ ಪಡೆಯೊಡನೆ ಅಲಹಾಬಾದು, ಲಕ್ನೋಗಳಲ್ಲಿದ್ದರು. ನಮ್ಮವರು ಸ್ವಾತಂತ್ರ್ಯಕ್ಕೆಂದು ಕತ್ತಿ ಹಿಡಿದ ಕಡೆ ಅವರು ಎದುರು ಪಕ್ಷದಲ್ಲಿದ್ದರೆಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಪರರಾಜ್ಯದ ಚಾಕರಿಗೆ ಬಂದ ಸೈನಿಕನಾಗಿಯೇ ಅವರು ಮೈಸೂರಿಗೂ ಬಂದರು. ಅವರ ಕೆಲಸವನ್ನು ಮೆಚ್ಚುವಾಗಲೂ ಇದನ್ನು ಮರೆಯಬೇಕಾಗಿಲ್ಲ.

1861ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಿಗೆ ಸಹಾಯಕರಾಗಿ ಬಂದರು. ಆಗ ರಾಜ್ಯ ಒಡೆಯರ ಕೈಯಲ್ಲಿರಲಿಲ್ಲ. 1831ರಿಂದ ಕಮಿಷನರುಗಳ ಆಳ್ವಿಕೆ ನಡೆದಿತ್ತು. ದೀರ್ಘಕಾಲ ಆಳಿದ ಮಾರ್ಕ್ ಕಬ್ಬನ್ ಅದೇ ವರ್ಷ ನಿವೃತ್ತರಾದರು. ಮರುವರ್ಷ ಬೌರಿಂಗ್ ಕಮಿಷನರಾದರು. 1864ರಲ್ಲಿ ಸ್ಯಾಂಕಿಯವರು ಮುಖ್ಯ ಎಂಜಿನಿಯರೂ, ಆ ಇಲಾಖೆಗೆ ಸರ್ಕಾರದ ಕಾರ್ಯದರ್ಶಿಯೂ ಆದರು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಆಗಿನ್ನೂ ತೊಟ್ಟಿಲು ಬಿಟ್ಟ ಕೂಸು. ಎರಡು ಹುದ್ದೆಗಳು ಒಬ್ಬರಲ್ಲೇ ಸೇರಿದ್ದ ಈ ಏರ್ಪಾಡು ಗಮನಿಸತಕ್ಕದ್ದು. ಕೆಲಸ ಹೀಗಾಗಬೇಕೆಂದು ಸ್ಥಳದಲ್ಲಿ ನಿಂತು ಹೇಳುವವರೂ, ಆ ಸಲಹೆಯನ್ನು ಸರ್ಕಾರದ ಮುಂದಿಟ್ಟು ಅದಕ್ಕೆ ಉತ್ತರವಾಗುವವರೂ ಒಬ್ಬರೇ. ತಪ್ಪಾದರೆ ಬೆರಳು ತೋರಿಸಲು ಮತ್ತೊಬ್ಬರಿಲ್ಲ.

ಇಲಾಖೆಯ ಹೆಸರಿನ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಲೋಕೋಪಯೋಗಿ ಇಲಾಖೆ ಎಂಬುದು ಈಚಿನ ಹೆಸರು, ಕೇಳಲು ಗಂಭೀರವಾಗಿದೆ. ಹಿಂದಿನವರು ಇದನ್ನು ಮರಾಮತ್ತು ಎನ್ನುತ್ತಿದ್ದರು. ಅರಬ್ಬಿಯಿಂದ ಪಾರಸಿಯ ಮೂಲಕ ನಮಗೆ ಬಂದ ಈ ಮಾತಿಗೆ ದುರಸ್ತಿ ಎಂದರ್ಥ. ಮೈಸೂರಿನಲ್ಲಿ ಮುಖ್ಯ ಎಂಜಿನಿಯರರ ಕೈಕೆಳಗೆ ಹೊಸ ಮಾದರಿಯ ಇಲಾಖೆ ಏರ್ಪಟ್ಟದ್ದು 1856ರಲ್ಲಿ. ಅದರ ಮೊದಲು ಇದ್ದದ್ದು ಮರಾಮತ್ತೇ. ಹಳೆಯ ಹೆಸರು ಚಿಕ್ಕದಾದರೂ ಆ ಕೆಲಸದ ತಿರುಳನ್ನು ಬಲ್ಲ ಹೆಸರು ಎಂದು ನನಗೆ ಅನ್ನಿಸುತ್ತದೆ. ಸ್ಯಾಂಕಿಯವರಿಗೂ ಹಾಗೆಯೇ ಅನ್ನಿಸಿರಬೇಕು ಎನ್ನುವುದಕ್ಕೆ ಆಧಾರ ಅವರ 1866ರ ವರದಿಯಲ್ಲಿದೆ.

ಹೊಸದಾಗಿ ಅಧಿಕಾರಕ್ಕೆ ಬಂದವನು ಹೊಸದನ್ನು ಕಟ್ಟಲು ಹಂಬಲಿಸುವುದು ಸಹಜ. ಸ್ಯಾಂಕಿಯವರು ಮೊದಲು ಮಾಡಿದ್ದು ಇರುವುದನ್ನು ನೋಡುವ ಕೆಲಸ. ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ನೂರಕ್ಕೆ ಸುಮಾರು 60 ಪಾಲು ನೆಲ ಆಗಲೇ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿರುವುದನ್ನು ಅವರು ಲೆಕ್ಕಹಾಕಿ ಕಂಡರು. ಇದು ಈ ನಾಡಿನ ಜನರ ತಾಳ್ಮೆಯ ದುಡಿಮೆಯ ಫಲವೆಂದು ಒಪ್ಪಿಕೊಂಡರು. ಹೊಸ ಕೆರೆಗೆ ಒಂದು ಜಾಗ ಹುಡುಕಬೇಕಾದರೂ ಸಾಹಸ ಬೇಕಾದೀತು, ಹುಡುಕಿ ಕಟ್ಟಿದರೂ ಅದು ಅದೇ ಕಣಿವೆಯ ಕೆಳಗಿನ ಯಾವುದೋ ಕೆರೆಯ ನೀರನ್ನು ಕಸಿದುಕೊಳ್ಳುವುದು ಬಹುಮಟ್ಟಿಗೆ ಖಂಡಿತ, ಇರುವುದನ್ನು ಸರಿಪಡಿಸುವುದೇ ಮಾಡಬಹುದಾದ ಕೆಲಸ ಎಂಬುದು ಅವರ ಅಭಿಪ್ರಾಯದ ಸಾರ. ಆಳುವ ಜನ ಆಳಿಸಿಕೊಳ್ಳುವ ಜನರ ವಿದ್ಯೆಯನ್ನು ಇಷ್ಟು ನೇರವಾಗಿ ಒಪ್ಪಿಕೊಂಡದ್ದು ಆ ಕಾಲದಲ್ಲಿ ವಿರಳ.

ನಮ್ಮ ಕೆರೆಯೆಂದರೆ ಒಂದು ಗುಂಡಿಯಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಇಷ್ಟೂ ಸೇರಿ ಒಂದು ಕೆರೆ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಹಿನ್ನೀರಿನ ರೈತನ ಗದ್ದೆ ಮುಳುಗುತ್ತದೆ, ಕೆಳಗಿನ ಊರಿನ ಕೆರೆ ಒಣಗುತ್ತದೆ. ಮೇಲಿನ ಏರಿ ಒಡೆದರೆ ಆ ರಭಸಕ್ಕೆ ಕೆಳಗಿನ ಏರಿಗಳು ಒಂದಾದಮೇಲೊಂದರಂತೆ ಒಡೆಯುತ್ತವೆ. ಆದುದರಿಂದ ಒಂದು ಕೆರೆಯನ್ನಷ್ಟೇ ದುರಸ್ತಿ ಮಾಡುವುದೆಂಬುದಕ್ಕೆ ಅರ್ಥವಿಲ್ಲ. ಸ್ಯಾಂಕಿಯವರ ಕಾಲದಲ್ಲಿ ಇಲಾಖೆ ಹಿಡಿದ ದಾರಿ ಇದೇ: ಜಲಾನಯನದ ಭೂಮಿಯನ್ನು ಅಳೆದು, ಒಂದು ಕಣಿವೆಯ ಕೆರೆಗಳನ್ನೆಲ್ಲ ಒಂದೇ ಸರಪಳಿಯೆಂದು ಎಣಿಸಿ, ಇಡೀ ಸರಪಳಿಯನ್ನು ಸುಸ್ಥಿತಿಗೆ ತಂದು, ಆಮೇಲೆ ನಿತ್ಯದ ಮಣ್ಣುಕೆಲಸವನ್ನು ರೈತರ ವಶಕ್ಕೆ ಒಪ್ಪಿಸುವುದು. ಯೋಜನೆಯಾಗಿ ಇದಕ್ಕೆ ಹೆಸರಿಡುವಂತಿಲ್ಲ. ಆದರೆ ಅದು ನಿಧಾನದ ಕೆಲಸ. ಅಳತೆಗೇ ವರ್ಷಗಳು ಹಿಡಿದವು. ರೈತರ ಕಡೆಯ ಕಷ್ಟವೂ ಒಂದಿತ್ತು. ಕೆರೆ ಕಟ್ಟಿದವರಿಗೆ ಕಟ್ಟುಕೊಡಗೆಯೆಂದು ಭೂಮಿ ಬಿಟ್ಟುಕೊಟ್ಟು, ನೀರುಗಂಟಿಗೆ ಪಾಲು ಕೊಟ್ಟು ಹಳ್ಳಿ ನಡೆಸಿಕೊಂಡು ಬಂದಿದ್ದ ಹಳೆಯ ಕಟ್ಟಳೆ ಹೊಸ ಕಂದಾಯದ ಲೆಕ್ಕಗಳ ನಡುವೆ ಸಡಿಲವಾಗಿತ್ತು. ಕೆರೆ ಸರ್ಕಾರದ್ದೆಂದು ಆದಮೇಲೆ ಹೂಳೆತ್ತುವ ಗುದ್ದಲಿ ಹಿಂದಿನಷ್ಟು ಚುರುಕಾಗಿ ಏಳುವುದಿಲ್ಲ. ‘ಕೆರೆಗೆ ಹಾರ’ವನ್ನು ಪಾಠ ಹೇಳುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ಊರಿಗೆ ಕೆರೆ ಎಷ್ಟು ತನ್ನದಾಗಿತ್ತೆಂಬುದಕ್ಕೆ ಭಾಗೀರಥಿಯ ಕಥೆಯ ದಾರುಣತೆಯೇ ಸಾಕ್ಷಿ.

ಹಳ್ಳಿಗಾಡಿನಲ್ಲಿ ಈ ಕೆಲಸ ನಡೆದಿರುವಾಗಲೇ ಬೆಂಗಳೂರು ನಗರವೂ ಅವರ ಕೈಯಲ್ಲಿ ಬೆಳೆಯುತ್ತಿತ್ತು. ಆಗಿನ ಬೆಂಗಳೂರು ಎರಡು ಊರು. ಒಂದು ಕೆಂಪೇಗೌಡರ ಪೇಟೆ, ಇನ್ನೊಂದು ದಂಡು. 1862ರಲ್ಲಿ ಎರಡಕ್ಕೂ ಬೇರೆಬೇರೆ ಪೌರಸಭೆಗಳಾದವು. ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಾಗಿದ್ದ ಸರ್ಕಾರಿ ಕಚೇರಿಗಳಿಗೆಂದು ಇವೆರಡರ ನಡುವಣ ಬಯಲಿನಲ್ಲಿ ಕೆಂಪು ಕಟ್ಟಡವೊಂದು 1868ರಲ್ಲಿ ಸಿದ್ಧವಾಯಿತು. ಹದಿನೆಂಟು ಇಲಾಖೆಗಳು ಅಲ್ಲಿ ಸೇರಿದ್ದರಿಂದ ಅದು ಅಠಾರಾ ಕಚೇರಿ. ಇಂದು ಉಚ್ಚ ನ್ಯಾಯಾಲಯ ಇರುವುದು ಅಲ್ಲಿಯೇ. ಕಟ್ಟಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. 1870ರಲ್ಲಿ ಅದರ ಮುಂದೆ ನೂರು ಎಕರೆಯ ಉದ್ಯಾನ ಮೂಡಿತು. ಮೊದಲು ಮೀಡ್ಸ್ ಪಾರ್ಕೆಂದೂ ಆಮೇಲೆ ಕಬ್ಬನ್ ಪಾರ್ಕೆಂದೂ ಹೆಸರಾಯಿತು. 1877ರಲ್ಲಿ ವಸ್ತುಸಂಗ್ರಹಾಲಯದ ಕಟ್ಟಡ. ಇವೆಲ್ಲಕ್ಕೂ ಸ್ಯಾಂಕಿಯವರ ನಕ್ಷೆಯೇ ಮೂಲ. ಪೇಟೆಗೂ ದಂಡಿಗೂ ನಡುವೆ ಉಳಿದಿದ್ದ ಬಯಲಿನ ಒಂದು ಪಾಲನ್ನು ಮನೆಗಳಿಗೆ ಬಿಡದೆ ಮರಗಳಿಗೆ ಬಿಟ್ಟರು. ಇಂದು ಆ ದಾರಿಯಲ್ಲಿ ನಡೆಯುವವರು ಯಾರೂ ಇದನ್ನು ಆಕ್ಷೇಪಿಸಲಾರರು. ಕಟ್ಟಡಗಳ ಸೊಬಗಿನ ವಿಮರ್ಶೆ ನನ್ನ ವಿಷಯವಲ್ಲ. ನಡುವೆ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದವರು ತಮ್ಮ ನೀರು ಸರಬರಾಜಿನ ಕಾಮಗಾರಿಗಳನ್ನು ಪರಿಶೀಲಿಸಲು ಅವರನ್ನೇ ಕರೆಸಿಕೊಂಡರು.

ಹೀಗೆ ಕೀರ್ತಿ ಏರುತ್ತಿರುವಾಗ ಮಳೆ ಕೈಕೊಟ್ಟಿತು. 1876ರಿಂದ 1878ರವರೆಗಿನ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಕರೆದು ಬಹುಕಾಲ ನೆನೆದರು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಅಂಕಿಗಳ ಮುಂದೆ ಯಾವ ಕಟ್ಟಡದ ಸೊಬಗೂ ಮಂಕಾಗುತ್ತದೆ. ಮುಗಿಲೇ ಬತ್ತಿದಾಗ ಕೆರೆ ಏನು ಮಾಡೀತು ಎಂದು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಸಂಸ್ಥಾನದ ಕೆರೆಗಳೆಲ್ಲ ಒಂದೇ ಸರಪಳಿಗಳೆಂದು 1866ರಲ್ಲಿಯೇ ಕಂಡುಕೊಂಡ ಇಲಾಖೆಯ ಕೈಯಲ್ಲಿ ಹತ್ತು ವರ್ಷಗಳಿದ್ದವು. ಆ ಹತ್ತು ವರ್ಷಗಳಲ್ಲಿ ಸರಪಳಿಗಳೆಲ್ಲ ದುರಸ್ತಿಯಾಗಲಿಲ್ಲ. ಇದನ್ನು ಸ್ಯಾಂಕಿಯವರೊಬ್ಬರ ತಲೆಗೆ ಕಟ್ಟುವುದು ಅನ್ಯಾಯ, ಹಣ ಹೊರಗೆ ಬಿಡುವ ಅಧಿಕಾರ ಅವರಿಗಿಂತ ಮೇಲಿನವರದು. ಪೂರ್ತಿ ಬಿಟ್ಟುಬಿಡುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಕ್ಷಾಮ ತನ್ನ ಅತಿ ಘೋರ ರೂಪವನ್ನು ತಾಳಿದ 1877ರಲ್ಲಿಯೇ ಅವರಿಗೆ ಸಿಮ್ಲಾಕ್ಕೆ ವರ್ಗವಾಯಿತು. ಹದಿಮೂರು ವರ್ಷಗಳ ಮುಖ್ಯ ಎಂಜಿನಿಯರಿಕೆ ಅಲ್ಲಿಗೆ ಮುಗಿಯಿತು.

ಆಮೇಲಿನದನ್ನು ಬೇಗ ಹೇಳಬಹುದು. 1878ರಲ್ಲಿ ಆಫ್ಘನ್ ಯುದ್ಧಕ್ಕೆ ಹೋದ ಕಂದಹಾರದ ಪಡೆಗೆ ಮುಖ್ಯ ಎಂಜಿನಿಯರು. ಅಲ್ಲಿಂದ ಮದರಾಸು ಸರ್ಕಾರದ ಮರಾಮತ್ತಿಗೆ ಕಾರ್ಯದರ್ಶಿ. ಬೆಂಗಳೂರಿನ ಕುಡಿಯುವ ನೀರಿನ ಕೊರತೆಯನ್ನು ನೀಗಲು 1882ರಲ್ಲಿ ಆದ ಸುಮಾರು 37 ಎಕರೆಯ ಕೆರೆ ಅವರ ಹೆಸರನ್ನು ಪಡೆಯಿತು. ಹೊಸ ಕೆರೆಗೆ ಈ ನಾಡಿನಲ್ಲಿ ಜಾಗವೇ ಇಲ್ಲವೆಂದು ಬರೆದವರ ಹೆಸರು ಒಂದು ಹೊಸ ಕೆರೆಗೇ ಅಂಟಿಕೊಂಡದ್ದು ಚರಿತ್ರೆಯ ಒಂದು ವಿನೋದ. ಹತ್ತಿರದಲ್ಲಿ ಸರ್ಕಾರದ ಶ್ರೀಗಂಧದ ಕೋಠಿ ಇದ್ದುದರಿಂದ ಜನ ಅದನ್ನು ಗಂಧದಕೋಠಿ ಕೆರೆ ಎಂದೂ ಕರೆಯುತ್ತಿದ್ದರು. ಆ ಹೆಸರು ಉಳಿಯಲಿಲ್ಲ. ಸ್ಯಾಂಕಿ ಕೆರೆ ಉಳಿಯಿತು, ಅದಕ್ಕಿಂತ ಎಷ್ಟೋ ಹಳೆಯದಾದ ಧರ್ಮಾಂಬುಧಿ ಉಳಿಯಲಿಲ್ಲ. ಅದರ ಅಂಗಳದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣವಿದೆ. ನಮ್ಮ ದಕ್ಷಿಣದ ಕಡೆ ಸ್ಯಾಂಕಿಯವರ ಕಾಲದಲ್ಲಿ ನಗರದ ಹೊರಗಿನ ಹಳ್ಳಿಯ ಕೆರೆಯಾಗಿದ್ದ ಸಾರಕ್ಕಿ, ಮನೆಗಳ ನಡುವೆ ಸಿಕ್ಕಿ ಕುಗ್ಗುತ್ತ ಬಂದು, 2015ರಲ್ಲಿ ಜಿಲ್ಲಾಡಳಿತ ಒತ್ತುವರಿಯನ್ನು ತೆರವು ಮಾಡಿಸಿದ ಮೇಲೆ ಒಂದಿಷ್ಟು ಉಸಿರಾಡಿತು. ಕೆರೆಯ ಅಂಗಳ ಮರಳಿ ಬಂದರೂ, ಅದಕ್ಕೆ ನೀರು ತರುವ ಹಾಗೂ ಅದರಿಂದ ನೀರು ಒಯ್ಯುವ ದಾರಿಗಳು ಅಷ್ಟು ಸುಲಭವಾಗಿ ಮರಳುವುದಿಲ್ಲ. ನಮ್ಮ ಅಹವಾಲು ಅಲೆದದ್ದೂ ಇಂಥ ದಾರಿಯ ಸಲುವಾಗಿಯೇ.

1884ರಲ್ಲಿ ಭಾರತವನ್ನು ಬಿಟ್ಟ ಸ್ಯಾಂಕಿಯವರು ಐರ್ಲೆಂಡಿಗೆ ಹಿಂದಿರುಗಿ ಅಲ್ಲಿನ ಸಾರ್ವಜನಿಕ ಕಾಮಗಾರಿ ಮಂಡಲಿಯ ಅಧ್ಯಕ್ಷರಾದರು. ಅವರು ಹುಡುಗರಾಗಿ ನಾಡು ಬಿಟ್ಟಮೇಲೆ, ಮಹಾಕ್ಷಾಮದಲ್ಲಿ, ಹಸಿದವರಿಗೆ ಕೂಲಿ ಕೊಡಲೆಂದು ರಸ್ತೆ ಕಡಿಸಿದ ಮಂಡಲಿಯೇ ಅದು. ಆ ಕೂಲಿ ಅನೇಕರ ಪ್ರಾಣವನ್ನು ಉಳಿಸಲಿಲ್ಲ. ಎಲ್ಲಿಗೂ ಮುಟ್ಟದ ಅಂಥ ರಸ್ತೆಗಳು ಆ ದೇಶದಲ್ಲಿ ಇಂದಿಗೂ ಕಾಣುತ್ತವೆ. ಎರಡು ಕ್ಷಾಮಗಳ ನಡುವೆ ಆಯುಷ್ಯ ಸವೆಸಿದ ಆ ಮುದುಕರು ಆ ಕುರ್ಚಿಯಲ್ಲಿ ಕುಳಿತು ಏನನ್ನು ನೆನೆಯುತ್ತಿದ್ದರೋ. ಹನ್ನೆರಡು ವರ್ಷ ಆ ಕೆಲಸವನ್ನು ನಡೆಸಿ 1896ರಲ್ಲಿ ನಿವೃತ್ತರಾದರು. ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳವೆಯ ನೀರು ಬಂದದ್ದೂ ಆ ವರ್ಷವೇ. ಶೇಷಾದ್ರಿ ಅಯ್ಯರರು ದಿವಾನರಾಗಿದ್ದ ಕಾಲ.

1908ರ ನವೆಂಬರ್ 11ರಂದು ಸ್ಯಾಂಕಿಯವರು ಲಂಡನ್ನಿನಲ್ಲಿ ಹಠಾತ್ತನೆ ತೀರಿಕೊಂಡರು. ಹೋವ್ ಎಂಬ ಕಡಲ ತೀರದ ಊರಿನಲ್ಲಿ ಅವರನ್ನು ಮಣ್ಣು ಮಾಡಿದರು. ಮರುವರ್ಷ ಮೈಸೂರಿನ ಮುಖ್ಯ ಎಂಜಿನಿಯರರ ಸ್ಥಾನಕ್ಕೆ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬಂದರು.