ಸಿಂಹಾಸನದಲ್ಲಿದ್ದೂ ವಿರಕ್ತನಾದ ನೃಪತುಂಗ

ಜೈನಧರ್ಮವು ಬೋಧಿಸುವ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ. ದೇಹ, ಯೌವನ, ಸಂಪತ್ತು, ಅಧಿಕಾರ ಯಾವುದೂ ಸ್ಥಿರವಲ್ಲವೆಂದು ಮತ್ತೆ ಮತ್ತೆ ಮನನ ಮಾಡುವುದೇ ಈ ಭಾವನೆ. ಈ ಅರಿವನ್ನು ಬದುಕಿನಲ್ಲಿ ಪಕ್ವಗೊಳಿಸಿಕೊಂಡವನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ.

ಕ್ರಿ.ಶ. 814ರಲ್ಲಿ ತಂದೆ ಮೂರನೆಯ ಗೋವಿಂದ ಗತಿಸಿದಾಗ ಅಮೋಘವರ್ಷ ಇನ್ನೂ ಎಳೆಯ. ಸಾಮಂತರು ದಂಗೆಯೆದ್ದು ಸಿಂಹಾಸನವೇ ಕೈತಪ್ಪಿತು. ಗುಜರಾತ್ ಶಾಖೆಯ ಕರ್ಕನ ನೆರವಿನಿಂದ 821ರ ವೇಳೆಗೆ ಅದು ಮರಳಿ ದೊರೆಯಿತು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವಾಗಿರುವ ಮಾನ್ಯಖೇಟ ಅವನ ರಾಜಧಾನಿಯಾಯಿತು. ಗಂಗರೊಡನೆ ಬಹುಕಾಲ ಕಾದಾಡಿದ ಅವನು, ಕೊನೆಗೆ ಮಗಳು ಚಂದ್ರೋಬಲಬ್ಬೆಯನ್ನು ಗಂಗರ ಬೂತುಗನಿಗೆ ಧಾರೆಯೆರೆದು ವೈರವನ್ನು ಬಾಂಧವ್ಯವಾಗಿಸಿದನು.

ನಡುವಯಸ್ಸು ದಾಟಿದರೂ ನೆಮ್ಮದಿ ಸುಲಭವಾಗಲಿಲ್ಲ. ಬಂಡಾಯವೊಂದರಲ್ಲಿ ರಾಜಕುಮಾರನೇ ವಿರೋಧಿಗಳ ಪಕ್ಷ ಸೇರಿದನೆಂದು ಕೊಣ್ಣೂರು ಶಾಸನದಿಂದ ತಿಳಿಯುತ್ತದೆ. ಸೇನಾನಿ ಬಂಕೇಶ ಆ ದಂಗೆಯನ್ನು ಅಡಗಿಸಿದನು. ಅವನ ಕೋರಿಕೆಯಂತೆ 860ರಲ್ಲಿ ಚಕ್ರವರ್ತಿ ಅಲ್ಲಿನ ಜಿನಾಲಯಕ್ಕೆ ದತ್ತಿ ನೀಡಿದನು. ಹೆತ್ತ ಮಗನೇ ಎದುರಾದ ನೋವು ಅವನ ಧರ್ಮಶ್ರದ್ಧೆಯನ್ನು ಕುಗ್ಗಿಸಲಿಲ್ಲ.

ಜಿನಸೇನಾಚಾರ್ಯರ ಪಾದಗಳಿಗೆರಗಿ ಪುನೀತನಾದೆನೆಂದು ಅವನು ಭಾವಿಸುತ್ತಿದ್ದನೆಂದು ಗುಣಭದ್ರಾಚಾರ್ಯರು ಸ್ಮರಿಸಿದ್ದಾರೆ. ಅವನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರೂಪುಗೊಂಡಿತು. ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಅವನನ್ನು ಕೊಂಡಾಡಿದರು. ಇತರ ಧರ್ಮಗಳನ್ನೂ ಅವನು ಗೌರವಿಸಿದನು. ಪ್ರಜೆಗಳಿಗೆ ಒದಗಿದ ವಿಪತ್ತಿನ ನಿವಾರಣೆಗಾಗಿ ಮಹಾಲಕ್ಷ್ಮಿಗೆ ತನ್ನ ಎಡಗೈ ಬೆರಳನ್ನೇ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ.

ಅದೇ ಶಾಸನದ ಆಧಾರದಿಂದ, ಅವನು ಒಂದಕ್ಕಿಂತ ಹೆಚ್ಚು ಬಾರಿ ರಾಜ್ಯಭಾರದಿಂದ ದೂರ ಸರಿದು ಧರ್ಮಧ್ಯಾನದಲ್ಲಿ ತೊಡಗಿದ್ದನೆಂದು ವಿದ್ವಾಂಸರು ಗ್ರಹಿಸಿದ್ದಾರೆ. ಅವನ ಹೆಸರಿನ ‘ಪ್ರಶ್ನೋತ್ತರ ರತ್ನಮಾಲಿಕೆ’ಯ ಕೊನೆಯಲ್ಲಿಯೂ ವಿವೇಕದಿಂದ ರಾಜ್ಯ ತ್ಯಜಿಸಿದ ಉಲ್ಲೇಖವಿದೆ. ಆರು ದಶಕಗಳಿಗೂ ಮೀರಿದ ಆಳ್ವಿಕೆಯ ಕಡೆಯ ದಿನಗಳಲ್ಲಿ ಅವನು ಒಲಿದದ್ದು ಈ ತ್ಯಾಗಕ್ಕೇ.

ಬಂದ ಕರ್ತವ್ಯವನ್ನು ನೆರವೇರಿಸುವುದು, ಹೋಗುವುದನ್ನು ಮನಃಪೂರ್ವಕವಾಗಿ ಬಿಟ್ಟುಕೊಡುವುದು, ಇವೆರಡೂ ಅವನಿಗೆ ಒಂದೇ ಸಾಧನೆಯ ಮುಖಗಳಾಗಿದ್ದವು. ಉದ್ಯೋಗದಿಂದ ನಿವೃತ್ತರಾದಾಗ, ಮನೆಯ ಯಜಮಾನಿಕೆ ಮಕ್ಕಳ ಕೈಗೆ ಹೋದಾಗ, ಮೈಯ ಕಸುವು ಇಳಿದಾಗ ಶ್ರಾವಕನಿಗೂ ಅದೇ ಪರೀಕ್ಷೆ ಎದುರಾಗುತ್ತದೆ. ಕಾಲ ಕಸಿದುಕೊಳ್ಳುವ ಮೊದಲೇ ಮಮಕಾರವನ್ನು ಸಡಿಲಿಸಿದವನಿಗೆ ಬದಲಾವಣೆಯ ಭಯವಿರದು. ಕಿರೀಟ ಧರಿಸಿದ್ದವನಿಗೆ ಸಾಧ್ಯವಾದ ಅಪರಿಗ್ರಹ ಸಾಮಾನ್ಯ ಗೃಹಸ್ಥನಿಗೂ ಅಸಾಧ್ಯವಲ್ಲ.