ಹಂದಿಯ ಜ್ವರದ ಮೂಲವನ್ನರಿತ ರಿಚರ್ಡ್ ಶೋಪ್

1918ರ ಜೂನ್ ತಿಂಗಳಲ್ಲಿ ಮುಂಬಯಿ ಬಂದರಿನಲ್ಲಿ ಕಾಲಿಟ್ಟ ಇನ್‌ಫ್ಲೂಯೆಂಝಾ ಜ್ವರವು ಭರತಖಂಡದಲ್ಲಿ ಕೋಟಿಗೂ ಮಿಕ್ಕಿದ ಜನರನ್ನು ಆಹುತಿ ತೆಗೆದುಕೊಂಡಿತು. ಅದೇ ವರ್ಷ ಅಮೇರಿಕೆಯ ಅಯೋವಾ ಪ್ರಾಂತದ ಹಂದಿಗಳೂ ಅಂಥದೇ ಜ್ವರದಿಂದ ನರಳಿದುವು. ಮಾಂಸದ ವ್ಯಾಪಾರಿಗಳಿಗೆ ಅಪ್ರಿಯವಾದೀತೆಂದು ತಿಳಿದೂ ಕೋಯನ್ ಎಂಬ ಪಶುವೈದ್ಯರು ಎರಡೂ ಒಂದೇ ರೋಗವೆಂದು ಸಾರಿದರು. ಆ ಮಾತನ್ನು ಪರೀಕ್ಷೆಗೊಡ್ಡಿದ ಮಹನೀಯರೇ ಡಾ. ರಿಚರ್ಡ್ ಶೋಪ್.

1901ರ ಕ್ರಿಸ್‌ಮಸ್ ದಿನ ಅದೇ ಅಯೋವಾದಲ್ಲಿ ವೈದ್ಯರ ಮಗನಾಗಿ ಜನಿಸಿದ ಶೋಪರು 1924ರಲ್ಲಿ ವೈದ್ಯ ಪದವಿಯನ್ನು ಪಡೆದು, ಮರುವರ್ಷ ಪ್ರಿನ್ಸ್‌ಟನ್ನಿನ ರಾಕ್‌ಫೆಲರ್ ಸಂಶೋಧನಾಲಯವನ್ನು ಸೇರಿದರು. 1928ರಲ್ಲಿ ಹಂದಿಗಳ ಬೇರೊಂದು ರೋಗವನ್ನು ಅಭ್ಯಸಿಸಲು ತವರಿಗೆ ತೆರಳಿದಾಗ ಈ ಜ್ವರವು ಅವರ ಕಣ್ಣಿಗೆ ಬಿದ್ದಿತು. ರೋಗಗ್ರಸ್ತ ಹಂದಿಗಳ ಶ್ವಾಸಕೋಶದ ದ್ರವವನ್ನು ಬ್ಯಾಕ್ಟೀರಿಯಾಗಳು ಕೂಡ ನುಸುಳಲಾರದಷ್ಟು ಸೂಕ್ಷ್ಮವಾಗಿ ಸೋಸಿ, ಆ ತಿಳಿಯನ್ನು ಆರೋಗ್ಯವಂತ ಹಂದಿಗಳ ಮೂಗಿಗೆ ಬಿಟ್ಟರು, ಅವಕ್ಕೂ ರೋಗವಂಟಿತು. ಇದರ ಮೂಲದಲ್ಲಿ ವೈರಾಣುವಿದೆಯೆಂದು 1931ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ತರುವಾಯ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಇನ್‌ಫ್ಲೂಯೆಂಝಾ ವೈರಾಣುವನ್ನೂ ಕಂಡುಹಿಡಿದರು.

ಆಮೇಲೆ ಶೋಪರು ಮನುಷ್ಯರ ರಕ್ತವನ್ನು ಪರೀಕ್ಷಿಸಿದರು. 1918ರ ಪಿಡುಗನ್ನು ಕಂಡುಳಿದ ವಯಸ್ಕರ ರಕ್ತವು ಹಂದಿಯ ವೈರಾಣುವನ್ನು ಅಡಗಿಸಿತು. ಅನಂತರ ಹುಟ್ಟಿದ ಮಕ್ಕಳ ರಕ್ತಕ್ಕೆ ಆ ಶಕ್ತಿಯಿರಲಿಲ್ಲ. ಎರಡೂ ಜ್ವರಗಳು ಒಂದೇ ಕುಲದವೆಂಬುದಕ್ಕೆ ಇದು ಬಲವಾದ ಸಾಕ್ಷಿಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದನಗಳ ದೊಡ್ಡರೋಗಕ್ಕೆ ಕೋಳಿಮೊಟ್ಟೆಯಲ್ಲಿ ಲಸಿಕೆಯನ್ನು ಬೆಳೆಸುವ ಕಾರ್ಯದಲ್ಲಿಯೂ ದುಡಿದ ಅವರು 1966ರ ಅಕ್ಟೋಬರದಲ್ಲಿ ತೀರಿಕೊಂಡರು.

ಈ ವೈರಾಣುವಿನ ವಂಶಬೀಜವು ಎಂಟು ತುಂಡುಗಳಲ್ಲಿದೆ. ಘೋಡ್‌ಬಂದರ್ ರಸ್ತೆಯಿಂದ ಬಂದವರೂ ನಾಸಿಕದ ಹೆದ್ದಾರಿಯಿಂದ ಬಂದವರೂ ನಮ್ಮ ಮಾಜಿವಾಡಾ ನಾಕಾದಲ್ಲಿ ಸಂಧಿಸುವಂತೆ, ಹಕ್ಕಿಯ, ಮನುಷ್ಯನ, ಹಂದಿಯ ವೈರಾಣುಗಳು ಹಂದಿಯ ದೇಹದಲ್ಲಿ ಸಂಧಿಸಿ ಈ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳಬಲ್ಲವು. ಹಾಗೆ ಬೆರಕೆಯಾದ ವೈರಾಣುವೇ 2009ರಲ್ಲಿ ಲೋಕವನ್ನೆಲ್ಲ ಸುತ್ತಿತು. ಆ ಆಗಸ್ಟಿನಲ್ಲಿ ನಮ್ಮ ದೇಶದ ಮೊದಲ ಬಲಿಯನ್ನು ಪುಣೆಯಲ್ಲಿ ತೆಗೆದುಕೊಂಡಿತು. ಹಳೆಯ ಕುಲದ ಪರಿಚಯವಿದ್ದ ವೃದ್ಧರಲ್ಲಿ ಅನೇಕರು ಪಾರಾದರು. ದುಡಿಯುವ ವಯಸ್ಸಿನವರು ಹೆಚ್ಚು ಬಳಲಿದರು. ಶೋಪರು ರಕ್ತದಲ್ಲಿ ಓದಿದ ಪಾಠವೇ ಮತ್ತೆ ಕಣ್ಣೆದುರು ಬಂದಿತು.

ಚೆನ್ನಾಗಿ ಬೇಯಿಸಿದ ಹಂದಿಮಾಂಸದಿಂದ ಈ ಜ್ವರ ಬಾರದು. ಕೆಮ್ಮು, ಸೀನು, ಉಸಿರುಗಳಿಂದ ಬರುವುದು. ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುವ ನಮ್ಮವರು ಇದನ್ನು ಮರೆಯಬಾರದು. ಜ್ವರ ಬಂದ ಮಾಣಿಯನ್ನು ಗಿರಾಕಿಗಳ ಮುಂದೆ ನಿಲ್ಲಿಸದೆ, ಸಂಬಳವನ್ನು ಕಡಿಯದೆ, ವಿಶ್ರಾಂತಿ ಕೊಡುವುದು ಧಣಿಗಳ ಧರ್ಮ.