ಹುತಾತ್ಮ ಮೈಲಾರ ಮಹಾದೇವಪ್ಪ

ಸ್ವಾರಗೇಟದಲ್ಲಿ ಬಸ್ಸು ಹತ್ತಿ, ಹುಬ್ಬಳ್ಳಿಯನ್ನು ದಾಟಿ ದಾವಣಗೆರೆಯತ್ತ ಸಾಗುವ ನಮ್ಮವರಿಗೆ ಹಾವೇರಿಯ ಮುಂದೆ ಹೆದ್ದಾರಿಯ ಮಗ್ಗುಲಲ್ಲಿಯೇ ಮೋಟೆಬೆನ್ನೂರು ಸಿಗುತ್ತದೆ. ಮೈಲಾರ ಮಹಾದೇವಪ್ಪನವರು 1911ನೆಯ ಇಸವಿಯ ಜೂನ್ 8ರಂದು ಜನಿಸಿದ್ದು ಈ ಊರಿನಲ್ಲಿ. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ.

ಎಳೆಯ ವಯಸ್ಸಿನಲ್ಲಿಯೇ ಖಾದಿಯ ವ್ರತ ಹಿಡಿದ ಇವರು ಸಾಬರಮತಿ ಆಶ್ರಮವನ್ನು ಸೇರಿದರು. 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ದಾಂಡಿಗೆ ನಡೆದ 78 ಸತ್ಯಾಗ್ರಹಿಗಳಲ್ಲಿ ಕನ್ನಡಿಗರು ಇವರೊಬ್ಬರೇ. ಆಗ ಇವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಪತ್ನಿ ಸಿದ್ದಮ್ಮನವರೂ ಚಳವಳಿಗೆ ಇಳಿದು ಸೆರೆಮನೆ ಕಂಡ ಧೀರೆ. ಊರಿನ ಕಡೆಗೆ ಮರಳಿದ ಮೇಲೆ ಮಹಾದೇವಪ್ಪನವರು ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ, ಖಾದಿ ಹಾಗೂ ಗ್ರಾಮಸೇವೆಯಲ್ಲಿ ತೊಡಗಿದರು.

1942ರ ಆಗಸ್ಟ್ ತಿಂಗಳಲ್ಲಿ, ಎರಡನೆಯ ಮಹಾಯುದ್ಧದ ನಡುವೆಯೇ, ಭಾರತ ಬಿಟ್ಟು ತೊಲಗಿರೆಂಬ ಹೋರಾಟ ಹೊತ್ತಿಕೊಂಡಿತು. ಹಿರಿಯ ನಾಯಕರೆಲ್ಲ ಬಂಧನಕ್ಕೊಳಗಾದರು. ಮಹಾದೇವಪ್ಪನವರು ಸಂಗಡಿಗರೊಡನೆ ಭೂಗತರಾದರು. ಚಾವಡಿಯ ದಫ್ತರಗಳು ಬೂದಿಯಾದವು; ರೈಲಿನ ಸಂಚಾರಕ್ಕೆ ತಡೆ ಬಿದ್ದಿತು; ಪರಕೀಯ ಸರಕಾರದ ಆಡಳಿತ ಹಳ್ಳಿಗಳಲ್ಲಿ ತತ್ತರಿಸಿತು.

ಅದೇ ಯುದ್ಧದಲ್ಲಿ, 1944ರ ಆಗಸ್ಟಿನಲ್ಲಿ, ಪ್ಯಾರಿಸ್ ನಗರದ ನಾಝಿವಿರೋಧಿ ಹೋರಾಟಗಾರರು ನೆಲದಡಿಯ ಆಶ್ರಯಸ್ಥಾನವೊಂದರಿಂದ ದಂಗೆಯನ್ನು ನಡೆಸಿದರು. ಅವರ ಆ ಗುಪ್ತ ಕಚೇರಿ 2019ರಿಂದ ವಸ್ತುಸಂಗ್ರಹಾಲಯದ ಭಾಗವಾಗಿ ಉಳಿದುಬಂದಿದೆ. ನಮ್ಮ ಮಹಾದೇವಪ್ಪನವರಿಗೆ ಅಂತಹ ನೆಲಮಾಳಿಗೆ ಎಲ್ಲಿಯದು? ಹಳ್ಳಿಗರ ನಂಬಿಕೆಯೇ ಅವರ ಗುಪ್ತ ಕೋಟೆ. ಶಾಂತಿಯ ದಿನಗಳಲ್ಲಿ ಜನರ ನಡುವೆ ದುಡಿದವನನ್ನು ಸಂಕಟದ ದಿನಗಳಲ್ಲಿ ಜನರೇ ಕಾಯುತ್ತಾರೆ. ಆ ಕೋಟೆಯನ್ನು ಯಾವ ಸಂಗ್ರಹಾಲಯದಲ್ಲಿ ಇಡಲಾದೀತು?

ವರದೆಯ ದಡದ ಹೊಸರಿತ್ತಿಯಲ್ಲಿ ರೈತರಿಂದ ವಸೂಲಾದ ಕಂದಾಯದ ಹಣವನ್ನು ವೀರಭದ್ರ ದೇವಾಲಯದಲ್ಲಿ ಪೋಲೀಸರ ಕಾವಲಿನಲ್ಲಿ ಇಟ್ಟಿದ್ದರು. 1943ರ ಏಪ್ರಿಲ್ 1ರಂದು ಅದನ್ನು ವಶಪಡಿಸಿಕೊಳ್ಳಲು ಹೋದ ಮಹಾದೇವಪ್ಪನವರು ಕಾವಲುಗಾರರ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೂ ಅಂದೇ ಪ್ರಾಣ ತೆತ್ತರು. ಮಹಾದೇವಪ್ಪನವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ನಾಲ್ಕು ವರ್ಷಗಳಲ್ಲಿ ಬಂದ ಸ್ವಾತಂತ್ರ್ಯವನ್ನಾಗಲಿ, ಹದಿಮೂರು ವರ್ಷಗಳ ಮೇಲೆ ಒಂದುಗೂಡಿದ ಕನ್ನಡ ನಾಡನ್ನಾಗಲಿ ಅವರು ಕಾಣಲಿಲ್ಲ.

ಹಾವೇರಿಯ ವೀರಸೌಧ ಇಂದು ಅವರ ನೆನಪನ್ನು ಕಾಯುತ್ತಿದೆ. ಅಲ್ಲಿಯ ರೈಲು ನಿಲ್ದಾಣವೂ ಅವರ ಹೆಸರನ್ನು ಹೊತ್ತಿದೆ. ಹೊಟ್ಟೆಪಾಡಿಗಾಗಿ ಪುಣೆಗೆ ಬಂದು ನೆಲೆಸಿದ ನಾವು, ರಜೆಯಲ್ಲಿ ಊರಿಗೆ ಹೋಗುವಾಗ ಮಕ್ಕಳಿಗೆ ಆ ಹೆಸರಿನ ಹಿಂದಿನ ಬಾಳನ್ನು ತಿಳಿಸಿ ಹೇಳೋಣ. ರಾಜ್ಯೋತ್ಸವದ ದೀಪಕ್ಕೆ ಎಣ್ಣೆ ಎರೆದವರಲ್ಲಿ ಮೋಟೆಬೆನ್ನೂರಿನ ಈ ತರುಣನೂ ಒಬ್ಬ.